ದೊಡ್ಡಪ್ಪನ ಎಂಜಿಯೋ, ಹೊಸ ಸೆಡಾನೋ?

ಪ್ರಶ್ನೆ: ನಾನು ಮಂಡ್ಯದವನು. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ದಿನಾ ಹೋಗಿ ಬರಲು 90 ಕಿ.ಮೀ. ಆಗುತ್ತದೆ. ಮನೆಯಲ್ಲಿ ಹೆಂಡತಿ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು, ಮಂಡಿನೋವಿರುವ ಅಮ್ಮ ಇದ್ದಾರೆ. ಹೊಸ ಸೆಡಾನ್ ಕೊಳ್ಳಲೆಂದು 12 ಲಕ್ಷ ಕೂಡಿಟ್ಟಿದ್ದೇವೆ. ಕಳೆದ ತಿಂಗಳು ಮೈಸೂರಿನಲ್ಲಿದ್ದ ದೊಡ್ಡಪ್ಪ ತೀರಿಕೊಂಡರು. ಅವರ ಶೆಡ್ಡಿನಲ್ಲಿ 1952ರ ಎಂಜಿ ಟಿಡಿ ಸ್ಪೋರ್ಟ್ಸ್ ಕಾರು ಇದೆ. 11 ವರ್ಷದಿಂದ ಸ್ಟಾರ್ಟ್ ಆಗಿಲ್ಲ. "ನೀನೇ ತಗೊಂಡು ಹೋಗು, ದುಡ್ಡೇನೂ ಬೇಡ" ಅನ್ನುತ್ತಾರೆ ದೊಡ್ಡಮ್ಮ. ನಮ್ಮ ಭಾವನ ಪ್ರಕಾರ ಹಳೇ ಕಾರಿನ ತಗಡು ದಪ್ಪ, ಅದೇ ಸೇಫ್. ಎಲೆಕ್ಟ್ರಾನಿಕ್ಸ್ ಇಲ್ಲ, ಯಾವ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡುತ್ತಾನೆ. ಬೆಲೆಯೂ ಏರುತ್ತಲೇ ಹೋಗುತ್ತದೆ. 12 ಲಕ್ಷವನ್ನು ಅದಕ್ಕೇ ಹಾಕಿ ಅದನ್ನೇ ಓಡಿಸು ಅನ್ನುತ್ತಾರೆ. ನನ್ನ ಹೆಂಡತಿ ಕೇಳುವುದು ಒಂದೇ: "ಅತ್ತೆ ಎಲ್ಲಿ ಕೂರೋದು?" ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಮನೆಯವರ ಪ್ರಶ್ನೆ ತೆಗೆದುಕೊಳ್ಳೋಣ. ಅತ್ತೆ ಕೂರೋಕೆ ಜಾಗ ಇಲ್ಲ. ಮಕ್ಕಳಿಗೂ ಇಲ್ಲ. ಟಿಡಿ ಇಬ್ಬರ ಕಾರು. ಆರ್‌ಸಿಯಲ್ಲೂ ಇಬ್ಬರು ಅಂತಲೇ ಇರುತ್ತದೆ. ಸೀಟಿನ ಹಿಂದಿರುವುದು ಬ್ಯಾಗ್ ಇಡುವ ಸಂದು, ಅಲ್ಲಿ ಮಗು ಕೂರಿಸುವ ಮಾತೇ ಬೇಡ. ಸೀಟ್ ಬೆಲ್ಟ್ ಇಲ್ಲ. ಬಾಗಿಲಿನ ಕೀಲು ಹಿಂದಿದೆ, ಅಂದರೆ ಬಾಗಿಲು ಮುಂದಿನಿಂದ ತೆರೆಯುತ್ತದೆ. ಓಡುವಾಗ ಚಿಲಕ ಸಡಿಲವಾದರೆ ಗಾಳಿಯೇ ಬಾಗಿಲನ್ನು ಅಗಲಕ್ಕೆ ಎಳೆದುಬಿಡುತ್ತದೆ. ನಾಲ್ಕು ವರ್ಷದ ಮಗು ಇರುವ ಮನೆಗೆ ಇಷ್ಟು ಸಾಕು, ಅಲ್ವಾ?

ಆದರೂ ನಿಮ್ಮ ಕಾಗದ ಓದಿದಾಗ ನಿಮಗೆ ಆ ಕಾರು ಬಿಡಲು ಮನಸ್ಸಿಲ್ಲ ಅನ್ನಿಸಿತು. ಅದೂ ಸರಿಯೇ. ಮೂವತ್ತು ವರ್ಷದಿಂದ ಮೈಸೂರಿನಲ್ಲಿ ಗ್ಯಾರೇಜು ನಡೆಸುತ್ತಿದ್ದೇನೆ. ನನ್ನ ಕೈ ದಾಟಿದ ಟಿಡಿಗಳು ಎರಡೇ ಎರಡು. ಎರಡನ್ನೂ ಮರೆತಿಲ್ಲ. ಹಾಗಾಗಿ ಭಾವನವರ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಗಡು ದಪ್ಪ, ಅದಕ್ಕೇ ಸೇಫ್ ಅನ್ನುವುದು ನಾನು ಅತಿ ಜಾಸ್ತಿ ಕೇಳಿರುವ ಮಾತು. ಅತಿ ಜಾಸ್ತಿ ಅಪಾಯದ್ದೂ ಹೌದು. ಟಿಡಿಯ ತೂಕ ಸುಮಾರು 900 ಕೆ.ಜಿ. ಈಗಿನ ಮಾರುತಿ ಡಿಸೈರ್‌ನದ್ದೂ ಹೆಚ್ಚುಕಡಿಮೆ ಅಷ್ಟೇ. ಡಿಸೈರ್‌ನಲ್ಲಿ ಐದು ಜನ ಕೂರುವ ಜಾಗ, ಗಟ್ಟಿ ಛಾವಣಿ, ಆರು ಏರ್‌ಬ್ಯಾಗ್, ಎಸಿ ಎಲ್ಲಾ ಸೇರಿ ಆ ತೂಕ. ಟಿಡಿಗೆ ಗಟ್ಟಿ ಛಾವಣಿಯೇ ಇಲ್ಲ. ಹಾಗಾದರೆ ಅದರ ಭಾರ ಎಲ್ಲಿ ಹೋಯಿತು? ಕೆಳಗಿನ ಉಕ್ಕಿನ ಚಾಸಿಗೆ, ಬೀಡುಕಬ್ಬಿಣದ ಎಂಜಿನ್ನಿಗೆ. ನಿಮ್ಮ ಸುತ್ತ ಇರುವುದು ಮರದ ಚೌಕಟ್ಟು. ಹೌದು, ಮರ. ಆಶ್ ಅನ್ನುವ ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ್ದಾರೆ. ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆ, ಕಾರಿನ ಕಟ್ಟಕಡೆಯಲ್ಲಿ, ಹೊರಗಡೆಯೇ ಇದೆ. ಸ್ಟೀರಿಂಗ್ ಕಂಬ ನೆಟ್ಟಗೆ ಎದೆಯ ಕಡೆಗೆ ಬರುತ್ತದೆ.

2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ ಒಂದು ಪರೀಕ್ಷೆ ಮಾಡಿತು. 1959ರ ಶೆವರ್ಲೆ ಬೆಲ್ ಏರ್ ಮತ್ತು 2009ರ ಶೆವರ್ಲೆ ಮಾಲಿಬು, ಎರಡನ್ನೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಎದುರುಬದುರು ಗುದ್ದಿಸಿದರು. ಬೆಲ್ ಏರ್ ಎಂದರೆ ಹಡಗಿನಂಥ ಕಾರು, ಕಬ್ಬಿಣದ ರಾಶಿ. ಅದರ ಡ್ರೈವರ್ ಕೂರುವ ಜಾಗವೇ ಮಡಚಿಹೋಯಿತು. ಒಳಗಿದ್ದ ಬೊಂಬೆಯ ಬದಲು ಮನುಷ್ಯ ಇದ್ದಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಬೊಂಬೆಗೆ ಕಾಲಿಗೆ ಪೆಟ್ಟು, ಅಷ್ಟೇ. ಹೊಸ ಕಾರಿನ ಮುಂಭಾಗ ಬೇಕೆಂದೇ ನಜ್ಜುಗುಜ್ಜಾಗುತ್ತದೆ. ಗುದ್ದಿದ ಜೋರನ್ನೆಲ್ಲ ಅದು ತಾನೇ ತಿಂದು ಒಳಗಿನ ಗೂಡನ್ನು ಉಳಿಸುತ್ತದೆ. ಹಳೇ ಕಾರಿನಲ್ಲಿ ಆ ಏರ್ಪಾಡೇ ಇಲ್ಲ, ಕೂರುವ ಗೂಡೇ ಮಡಚಿಕೊಳ್ಳುತ್ತದೆ. ಆ ಪೆಟ್ಟು ನೇರ ನಿಮಗೇ ಬರುತ್ತದೆ. ಸಂತೆಯಲ್ಲಿ ಎಮ್ಮೆ ಗುದ್ದಿದರೆ ಬೆಲ್ ಏರ್‌ಗೆ ಏನೂ ಆಗುವುದಿಲ್ಲ, ನಿಜ. ಆದರೆ ನೀವು ದಿನಾ ಹೋಗುವುದು ಸಂತೆಗಲ್ಲ, ಎಕ್ಸ್‌ಪ್ರೆಸ್‌ವೇಗೆ.

ಸ್ಪೋರ್ಟ್ಸ್ ಕಾರು ಅಂದಮೇಲೆ ಜೋರಾಗಿ ಓಡುತ್ತದೆ ಅಂತ ನಿಮ್ಮ ವಿದ್ಯಾರ್ಥಿಗಳೂ ಅಂದುಕೊಳ್ಳಬಹುದು. ಟಿಡಿಯದ್ದು 1250 ಸಿಸಿ ಎಂಜಿನ್, 54 ಅಶ್ವಶಕ್ತಿ. ಡಿಸೈರ್‌ನ ಮೂರು ಸಿಲಿಂಡರ್ ಎಂಜಿನ್ನಿಗೂ 80ರ ಆಸುಪಾಸು ಇದೆ. ಟಿಡಿ ಸೊನ್ನೆಯಿಂದ ನೂರಕ್ಕೆ ಹೋಗಲು 20 ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಹಿಂದಿನ ವೋಲ್ವೋ ಬಸ್ಸಿನವನು ಮೂರು ಸಲ ಹಾರನ್ ಹೊಡೆದಿರುತ್ತಾನೆ. 80ರಲ್ಲಿ ಓಡುವಾಗಲೇ ಅದರ ಎಂಜಿನ್ ನಿಮಿಷಕ್ಕೆ 3,400 ಸುತ್ತಿನ ಮೇಲೆ ತಿರುಗುತ್ತಿರುತ್ತದೆ, ಐದನೇ ಗೇರ್ ಇಲ್ಲ. ಮಂಡ್ಯದಿಂದ ಮೈಸೂರಿಗೆ ದಿನಾ ಹಾಗೆ ಕಿರುಚಿಸಿಕೊಂಡು ಹೋದರೆ ಕಾರಿಗಿಂತ ಮೊದಲು ನಿಮಗೇ ಸಾಕಾಗುತ್ತದೆ.

ಆದರೆ ಸ್ಪೋರ್ಟ್ಸ್ ಕಾರು ಅನ್ನುವ ಹೆಸರು ಸುಳ್ಳಲ್ಲ. ಅದರ ಮಜಾ ವೇಗದಲ್ಲಿಲ್ಲ. ನೆಲಕ್ಕೆ ಹತ್ತಿರ ಕೂತಿರುತ್ತೀರಿ, ಬಾಗಿಲು ಮೊಣಕೈಗೆ ಸಿಗುವಷ್ಟೇ ಎತ್ತರ. ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಇರುವುದರಿಂದ ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ತಿಳಿಯುತ್ತದೆ. ಫಸ್ಟ್ ಗೇರಿಗೆ ಸಿಂಕ್ರೋಮೆಶ್ (ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು) ಇಲ್ಲ. ಓಡುತ್ತಿರುವಾಗ ಅದಕ್ಕೆ ಇಳಿಸಬೇಕಾದರೆ ಎರಡು ಸಲ ಕ್ಲಚ್ ಒತ್ತಿ, ನಡುವೆ ಸ್ವಲ್ಪ ರೇಸ್ ಕೊಡಬೇಕು. ಸರಿಯಾಗಿ ಕೂತಾಗ ಕೈಗೆ ಒಂದು ಖುಷಿ ಸಿಗುತ್ತದಲ್ಲ, ಅದು ಯಾವ ಹೊಸ ಸೆಡಾನಿನಲ್ಲೂ ಸಿಗುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಶ್ರೀರಂಗಪಟ್ಟಣದ ಗದ್ದೆಗಳ ನಡುವೆ 50ರಲ್ಲಿ ಹೋದರೆ ಸಾಕು, 100ರಲ್ಲಿ ಹೋದ ಹಾಗಿರುತ್ತದೆ. ಹೊಸ ಕಾರಿನಲ್ಲಿ ಉಲ್ಟಾ. 100ರಲ್ಲಿ ಹೋಗುತ್ತಿದ್ದರೂ 50 ಅನ್ನಿಸುತ್ತದೆ. ಫೈನ್ ಚೀಟಿ ಮನೆಗೆ ಬಂದಾಗಲೇ ಗೊತ್ತಾಗುವುದು.

ಬ್ರೇಕಿನ ವಿಷಯ ಅನುಭವದಿಂದಲೇ ಹೇಳುತ್ತೇನೆ. ಒಂದು ಟಿಡಿಯನ್ನು ರಿಪೇರಿ ಆದಮೇಲೆ ಟ್ರಯಲ್ ನೋಡಲು ಚಾಮುಂಡಿ ಬೆಟ್ಟಕ್ಕೆ ಒಯ್ದಿದ್ದೆ. ಹತ್ತುವಾಗ ಚೆನ್ನಾಗಿತ್ತು. ಇಳಿಯುವಾಗ ಮಾತಾಡುತ್ತಾ ಮೂರನೇ ಗೇರಲ್ಲೇ ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬಂದೆ. ಅರ್ಧ ಬೆಟ್ಟ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. ಪೆಡಲ್ ಮೊದಲಿಗಿಂತ ಎರಡು ಬೆರಳು ಕೆಳಗೆ ಹೋಗುತ್ತಿತ್ತು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಡ್ರಮ್ ಕಾದರೆ ಹಿಗ್ಗುತ್ತದೆ, ಶೂಗಳಿಂದ ದೂರ ಸರಿಯುತ್ತದೆ. ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ, ಎಬಿಎಸ್ ಅಂತೂ ಇಲ್ಲ. ಎರಡನೇ ಗೇರಿಗೆ ತಂದು, ಪಕ್ಕಕ್ಕೆ ಹಾಕಿ, ಅರ್ಧ ಗಂಟೆ ಕೂತೆ. ತಪ್ಪು ಕಾರಿನದಲ್ಲ, ನನ್ನದು. ಆದರೆ ದಿನಾ ಎರಡು ಸಲ ಓಡಿಸುವ ಕಾರು ಡ್ರೈವರ್‌ನ ಇಂಥ ಒಂದು ಮೈಮರೆವನ್ನಾದರೂ ತಡೆದುಕೊಳ್ಳಬೇಕು.

ಇನ್ನು "ಯಾವ ಮೆಕ್ಯಾನಿಕ್ ಬೇಕಾದರೂ" ಅನ್ನುವ ಮಾತು. ಅಂಬಾಸಿಡರ್, ಪದ್ಮಿನಿ ಆಗಿದ್ದರೆ ಒಪ್ಪುತ್ತಿದ್ದೆ. ಟಿಡಿ ಬೇರೆ ಜಾತಿ. ಅದರ ಎಂಜಿನ್ ಬೋಲ್ಟುಗಳ ಮರೆ, ಅಂದರೆ ಥ್ರೆಡ್, ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆ. ಚಾಸಿ ಕಡೆ ಬಂದರೆ ಮರೆಯೂ ಹಳೇ ಬ್ರಿಟಿಷ್ ಅಳತೆಯೇ. ಹುಡುಗರು ಕೈಗೆ ಸಿಕ್ಕ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ಬೋಲ್ಟ್ ಗುಂಡಗಾಗುತ್ತದೆ. ವೈರಿಂಗ್‌ನಲ್ಲಿ ಇನ್ನೊಂದು ಬಲೆ ಇದೆ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಬಾಡಿಗೆ ಸೇರಿರುತ್ತದೆ. ಟಿಡಿಯಲ್ಲಿ ಪ್ಲಸ್ ಬಾಡಿಗೆ. ನಮ್ಮ ಗ್ಯಾರೇಜಿನ ಹುಡುಗನೇ ಒಮ್ಮೆ ಜಂಪ್ ಸ್ಟಾರ್ಟ್ ಮಾಡಲು ಹೋಗಿ, ಅಭ್ಯಾಸಬಲದಿಂದ ಕಪ್ಪು ಕೇಬಲನ್ನು ಬಾಡಿಗೆ, ಕೆಂಪನ್ನು ಇನ್ನೊಂದು ತುದಿಗೆ ಕಚ್ಚಿಸಿದ. ದೀಪಾವಳಿ ಹೂಕುಂಡದ ಹಾಗೆ ಕಿಡಿ ಹಾರಿತು. ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ಅವನ ಅಂಗೈಗೆ ಅಂಟಿತು. ಆಮೇಲೆ ಆ ಬಾನೆಟ್ ಒಳಗೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದೆ. ನೀವೂ ಬರೆಸಿ.

ಪೆಟ್ರೋಲಿಗೆ ಗಾಳಿ ಬೆರೆಸುವ ಜೋಡಿ ಎಸ್‌ಯು ಕಾರ್ಬುರೇಟರ್ ಟ್ಯೂನ್ ಮಾಡಬಲ್ಲವರು ಈಗ ಹುಡುಕಿದರೆ ಸಿಕ್ಕಾರು, ಬಹಳ ಜನ ಕೆಲಸ ಬಿಟ್ಟಿದ್ದಾರೆ. ಆದರೆ ಬಿಡಿಭಾಗಕ್ಕೆ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. 1949ರ ಕೊನೆಯಿಂದ 1953ರವರೆಗೆ ಸುಮಾರು 29,600 ಟಿಡಿಗಳು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದವು. ಅದರಲ್ಲಿ ಹೆಚ್ಚಿನವು ಅಮೆರಿಕಕ್ಕೆ ಹೋದವು. ಅಲ್ಲೂ ಇಂಗ್ಲೆಂಡಿನಲ್ಲೂ ಇವತ್ತಿಗೂ ಇದರ ಸಾಮಾನು ಮಾಡಿ ಮಾರುವವರಿದ್ದಾರೆ. ತರಿಸಬಹುದು. ಸುಂಕ ಕಟ್ಟಬೇಕು, ಕಾಯಬೇಕು. ಈಗಿನ ಎಂಜಿ ಶೋರೂಮಿಗೆ ಹೋಗಿ ಟಿಡಿ ಗ್ಯಾಸ್ಕೆಟ್ ಮಾತ್ರ ಕೇಳಬೇಡಿ, ಹೆಸರೊಂದು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದದ್ದು ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆತದ್ದು. ಕಬ್ಬಿನ ಹಾಲಿನಿಂದ, ಕಾಕಂಬಿಯಿಂದಲೂ ಬರುವ ಎಥನಾಲ್. ಮಂಡ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬು ಬೆಳೆಯುವವರಿಗೆ ಒಳ್ಳೆಯದೇ, ದೊಡ್ಡಪ್ಪನ ಕಾರಿಗೆ ಅಲ್ಲ. ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಕಾರ್ಬುರೇಟರಿನಲ್ಲಿ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಗೆ) ಸುತ್ತ ಇರುವ ಬೆಂಡಿನ ಸೀಲುಗಳು ಮೊದಲೇ ಒಣಗಿರುತ್ತವೆ, ಅವು ಸೋರಲು ಶುರು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ. ಜೊತೆಗೆ ಅದರಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ.

ಭಯ ಬೇಡ, ದಾರಿ ಇದೆ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಜಾತಿಗೆ ಬದಲಾಯಿಸಿ. ಸೀಲುಗಳನ್ನು ಬದಲಾಯಿಸಿ. ಕಾರ್ಬುರೇಟರ್ ಕೆಳಗಿನ ಜೆಟ್ ನಟ್ಟನ್ನು ಸ್ವಲ್ಪ ಕೆಳಗಿಳಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ. ನಟ್ಟಿನ ಒಂದು ಮುಖ ತಿರುಗಿಸಿ, ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಬಿಳಿ ಇದ್ದರೆ ಇನ್ನೊಂದು ಮುಖ. ಕಾಫಿಪುಡಿ ಬಣ್ಣಕ್ಕೆ ಬಂದರೆ ನಿಲ್ಲಿಸಿ. ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಬೇಕು ಅನ್ನುವವರ ಮಾತು ಕೇಳಬೇಡಿ. ಈ ಎಂಜಿನ್ನಿನ ಕಂಪ್ರೆಷನ್ 7.25, ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಧಾರಾಳ ಸಾಕು. ಸೀಸದ ಪೆಟ್ರೋಲ್ 2000ದಲ್ಲೇ ನಿಂತುಹೋಯಿತು, ಸೀಸವಿಲ್ಲದೆ ವಾಲ್ವ್ ಸೀಟ್ ಸವೆಯುತ್ತದೆ ಅನ್ನುವ ಹೆದರಿಕೆಯೂ ಇದೆ. ವಾರಕ್ಕೊಮ್ಮೆ ಮೆಲ್ಲಗೆ ಓಡಿಸುವವರಿಗೆ ಅದು ದೊಡ್ಡ ವಿಷಯವಲ್ಲ. ದಿನಾ 90 ಕಿ.ಮೀ. ಜೋರಾಗಿ ಓಡಿಸುವವರಿಗೆ ಹೌದು.

ಕಾಗದಪತ್ರದ ಕಡೆ ಬರೋಣ. ವಿಂಟೇಜ್ ಕಾರುಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಬೇರೆಯೇ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪದಲ್ಲೇ ಉಳಿದಿರುವ ವಾಹನ ಅದರಡಿ ಬರುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂ., 10 ವರ್ಷಕ್ಕೆ ಸಿಂಧು, ಮರುನೋಂದಣಿಗೆ 5,000 ರೂ. ಮೊದಲೇ ನೋಂದಣಿಯಾಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ನಿಮ್ಮದು ಹಳೇ ಮೈಸೂರು ರಾಜ್ಯದ 'ಎಂವೈ' ಸರಣಿಯ ನಂಬರ್ ಆಗಿದ್ದರೆ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ಆದರೆ ಈ ನಿಯಮದಲ್ಲೇ ಒಂದು ಷರತ್ತಿದೆ. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅಂದರೆ ಈ ದಾರಿ ಹಿಡಿದರೆ ಭಾವನವರ ಯೋಜನೆ ಇಲ್ಲಿಗೇ ನಿಂತಿತು. ಮಾಮೂಲಿ ಆರ್‌ಸಿಯನ್ನೇ ಎಫ್‌ಸಿ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸುವ ದಾರಿಯೂ ಇದೆ. ಅದರ ಶುಲ್ಕ ಈಚೆಗೆ ಏರಿದೆ, ಆಮದು ಕಾರಿಗೆ ಇನ್ನೂ ಜಾಸ್ತಿ. ಯಾವ ದಾರಿ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಆರ್‌ಟಿಒದಲ್ಲಿ ಕೂತು ಕೇಳಿಕೊಳ್ಳಿ.

ಅದಕ್ಕೂ ಮೊದಲು ಮಾಲೀಕತ್ವ. ದೊಡ್ಡಪ್ಪನ ಹೆಸರಿನಿಂದ ದೊಡ್ಡಮ್ಮನ ಹೆಸರಿಗೆ ಬದಲಾಗಬೇಕು. ಅದಕ್ಕೆ ನಮೂನೆ 31 ಇದೆ. ಮಾಲೀಕರು ತೀರಿಕೊಂಡ 3 ತಿಂಗಳೊಳಗೆ ಹಾಕಬೇಕು. ನಿಮಗೆ ಇನ್ನೂ ಸಮಯವಿದೆ, ಈ ವಾರವೇ ಹೋಗಿ. ಆಮೇಲೆ ದೊಡ್ಡಮ್ಮನಿಂದ ನಿಮ್ಮ ಹೆಸರಿಗೆ. ಅವರಿಗೆ ಮಕ್ಕಳಿದ್ದರೆ ಅವರ ಒಪ್ಪಿಗೆಯನ್ನೂ ಬರಹದಲ್ಲಿ ತಗೊಳ್ಳಿ. ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದಾಗ ಯಾರಿಗೂ ಬೇಡವಾದ ಕಾರು, ಪಾಲಿಶ್ ಹೊಡೆಸಿದ ದಿನ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಂಥ ಜಗಳ ನನ್ನ ಗ್ಯಾರೇಜಿನ ಬಾಗಿಲಲ್ಲೇ ನಡೆದಿದೆ.

ಬೆಲೆ ಏರುತ್ತಲೇ ಹೋಗುತ್ತದೆ ಅನ್ನುವುದರಲ್ಲಿ ಅರ್ಧ ನಿಜವಿದೆ. ಮೂಲರೂಪದಲ್ಲಿರುವ, ಕಾಗದ ಸರಿಯಾಗಿರುವ ಕಾರಿಗೆ ಬೆಲೆ ನಿಲ್ಲುತ್ತದೆ. ಬೇರೆ ಎಂಜಿನ್ ಕೂರಿಸಿ, ಅಗಲದ ಟೈರ್ ಹಾಕಿ, ಕೆಂಪು ಮೆಟಾಲಿಕ್ ಬಣ್ಣ ಬಳಿದಿದ್ದಕ್ಕೆ ನಿಲ್ಲುವುದಿಲ್ಲ. 12 ಲಕ್ಷದಲ್ಲಿ ಪೂರ್ತಿ ರೆಸ್ಟೋರ್ ಮಾಡಿ ದಿನಾ ಓಡುವ ಹಾಗೆ ಕೊಡುತ್ತೇನೆ ಅಂತ ಯಾರಾದರೂ ಬರೆದುಕೊಟ್ಟರೆ ಆ ಕಾಗದ ನನಗೂ ತೋರಿಸಿ. ಮರದ ಕೆಲಸ ಶುರುವಾದರೆ ಎಲ್ಲಿ ನಿಲ್ಲುತ್ತದೆ ಎಂದು ಬಿಚ್ಚುವವರೆಗೆ ಯಾರೂ ಹೇಳಲಾರರು.

ಅದಕ್ಕೇ ಮೊದಲ ಪರೀಕ್ಷೆ ನೀವೇ ಮಾಡಬಹುದು, ದುಡ್ಡು ಬೇಡ. ಬಾಗಿಲು ತೆರೆಯಿರಿ. ತುದಿ ಹಿಡಿದು ಮೆಲ್ಲಗೆ ಮೇಲೆತ್ತಿ. ಕೀಲು ಮಾತ್ರ ಅಲುಗಾಡಿದರೆ ಚಿಕ್ಕ ಕೆಲಸ. ಕೀಲಿನ ಜೊತೆ ಕಂಬವೇ ಅಲುಗಾಡಿದರೆ ಒಳಗಿನ ಮರ ಹೋಗಿದೆ. ತಗಡಿನ ಮೇಲೆ ಬೆರಳಿನಿಂದ ಕುಟ್ಟುತ್ತಾ ಬನ್ನಿ. ಮರ ಗಟ್ಟಿ ಇದ್ದ ಕಡೆ ಠಣ್ ಅನ್ನುತ್ತದೆ, ಗೆದ್ದಲು ತಿಂದಿದ್ದ ಕಡೆ ಸದ್ದೇ ಸತ್ತಿರುತ್ತದೆ. ಕೆಳಗೆ ನುಣ್ಣನೆ ಪುಡಿ ಬಿದ್ದಿದೆಯಾ ನೋಡಿ.

ದಯವಿಟ್ಟು ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. 11 ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಗೋಡೆಗೆ ಅಂಟಿರಬಹುದು. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಎರಡು ಚಮಚ ತೆಳು ಆಯಿಲ್ ಹಾಕಿ ಎರಡು ದಿನ ಬಿಡಿ. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ. ತಿರುಗಿದರೆ ಅರ್ಧ ಗೆದ್ದಿರಿ. ತಿರುಗದಿದ್ದರೆ ಜೋರು ಮಾಡಬೇಡಿ, ನನ್ನಂಥವರನ್ನು ಕರೆಯಿರಿ. ಟ್ಯಾಂಕ್ ಖಾಲಿ ಮಾಡಿಸಿ. ಬ್ರೇಕಿನ ರಬ್ಬರ್, ಹೋಸ್, ಟೈರ್ ಎಲ್ಲವೂ ಹೊಸತೇ ಆಗಬೇಕು. ನೋಡಲು ಚೆನ್ನಾಗಿದೆ ಅಂತ ಹಳೇ ಟೈರಿನಲ್ಲಿ ಮನೆಗೆ ಓಡಿಸಿಕೊಂಡು ಬರಬೇಡಿ, ಫ್ಲಾಟ್‌ಬೆಡ್ ಲಾರಿಯಲ್ಲಿ ತನ್ನಿ.

ನನ್ನ ಲೆಕ್ಕ ಇದು. ಸೆಡಾನ್ ತಗೊಳ್ಳಿ, 12 ಲಕ್ಷ ಪೂರ್ತಿ ಸುರಿಯಬೇಡಿ. ಒಂದರಿಂದ ಒಂದೂವರೆ ಲಕ್ಷ ಎಂಜಿಗೆ ಎತ್ತಿಡಿ. ರೆಸ್ಟೋರ್ ಮಾಡಲು ಅಲ್ಲ, ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳಲು. ಎಂಜಿನ್ ಬಿಡಿಸುವುದು, ಬ್ರೇಕ್, ಟ್ಯಾಂಕ್, ಟೈರ್, ಇಲಿ ನುಗ್ಗದ ಒಣ ಜಾಗ. ಮಂಡ್ಯದ ಮನೆ ಗದ್ದೆ ಪಕ್ಕದಲ್ಲಿದ್ದರೆ ಇಲಿಯ ಮಾತು ಹಗುರವಾಗಿ ತಗೋಬೇಡಿ. ಬಣ್ಣ, ಸೀಟಿನ ಹೊದಿಕೆ ಮುಟ್ಟಬೇಡಿ. ಎರಡು ವರ್ಷ ಹಾಗೇ ಇಟ್ಟುಕೊಂಡು ನೋಡಿ. ಆಗಲೂ ಆಸೆ ಇದ್ದರೆ ಮುಂದಿನ ಖರ್ಚು. ಇಲ್ಲದಿದ್ದರೆ ಕಾಗದ ಸರಿಯಿರುವ, ಓಡುವ ಕಾರಿಗೆ ಒಳ್ಳೆಯ ಗಿರಾಕಿ ಸಿಗುತ್ತಾನೆ. ಈಗಲೇ ಮಾರಿದರೆ ಗುಜರಿ ಲೆಕ್ಕದಲ್ಲಿ ಕೇಳುತ್ತಾರೆ.

ಸೆಡಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹೇಳುವವರು ಊರೆಲ್ಲಾ ಇದ್ದಾರೆ. 2024ರ ಡಿಸೈರ್, ಈಗಿನ ವರ್ನಾ, ಸ್ಲಾವಿಯಾ, ವರ್ಟಸ್ ನಾಲ್ಕಕ್ಕೂ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕಾರು ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ಬಂದಿದೆ. ನಿಮ್ಮ ದುಡ್ಡಿಗೆ ಡಿಸೈರ್ ಆರಾಮಾಗಿ ಬರುತ್ತದೆ, ಎಂಜಿಗೆ ಎತ್ತಿಟ್ಟ ಮೇಲೂ. ಬೇರೆಯವಕ್ಕೆ ಇನ್ನಷ್ಟು ಸೇರಿಸಬೇಕಾದೀತು. ಆನ್ ರೋಡ್ ಬೆಲೆ ಕೇಳಿ, ನಮ್ಮಲ್ಲಿ ರಸ್ತೆ ತೆರಿಗೆ ಜಾಸ್ತಿ. ಹೊಸ ಕಾರಿಗೂ ಅದರದೇ ಕಾಟ ಇದೆ. ಹಳೇ ಕಾರು ಕೆಮ್ಮಿ, ಹೊಗೆಬಿಟ್ಟು ಮೊದಲೇ ಹೇಳುತ್ತದೆ. ಹೊಸದು ಒಂದು ಸೆನ್ಸರ್ ಕೈಕೊಟ್ಟರೆ ದೀಪ ಹಚ್ಚಿ ಸುಮ್ನೆ ನಿಂತುಬಿಡುತ್ತದೆ, ಸ್ಕ್ಯಾನರ್ ಇಲ್ಲದೆ ಯಾರೂ ಏನೂ ಮಾಡಲಾರರು. ಆದರೂ ಅದು ನಿಲ್ಲುವುದು ಅಪರೂಪ. ಬುಕ್ ಮಾಡುವ ಮೊದಲು ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗಿ. ಸೆಡಾನ್ ಸೀಟು ತಗ್ಗು, ಮಂಡಿನೋವಿಗೆ ಕೂರುವುದಕ್ಕಿಂತ ಏಳುವುದೇ ಕಷ್ಟ. ಹಿಂದಿನ ಸೀಟಿನಲ್ಲಿ ಮೂರು ಸಲ ಹತ್ತಿ ಇಳಿಯಲಿ. ಮೂರನೇ ಸಲಕ್ಕೆ ಬಾಗಿಲಿನ ಮೇಲ್ಗಡೆ ಹಿಡಿಗೆ ಕೈ ಹೋಗುತ್ತಿದ್ದರೆ, ಅಮ್ಮ ಏನೇ ಹೇಳಲಿ, ಆ ಕಾರು ಬೇಡ.

ಕಾರು ನೋಡಲು ದೊಡ್ಡಮ್ಮನ ಮನೆಗೆ ಹೋದಾಗ ಬಾನೆಟ್ ಎತ್ತಿ. ಎಂಜಿನ್ ಹಿಂದೆ ಅಡ್ಡಲಾಗಿ ಒಂದು ಟೂಲ್ ಬಾಕ್ಸ್ ಇರುತ್ತದೆ. ಅದರಲ್ಲಿ ಅಥವಾ ಶೆಡ್ಡಿನ ಮೂಲೆಯಲ್ಲಿ ದೊಡ್ಡಪ್ಪನ ವಿಟ್‌ವರ್ತ್ ಸ್ಪ್ಯಾನರುಗಳು ಇರಬೇಕು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಯಾರಾದರೂ ಅವನ್ನು ತೂಕಕ್ಕೆ ಹಾಕಿಬಿಟ್ಟಾರು. ಮೊದಲು ಅವನ್ನು ಮನೆಗೆ ತಂದಿಡಿ.